ಪೋಪ್ ಹೇಳಿದ್ದಕ್ಕೆಲ್ಲ ಕಥೋಲಿಕರು ತಲೆಯಾಡಿಸಬೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೋಪ್ ಏನೋ ಹೇಳಿದರು ಎಂಬ ಸುದ್ದಿ ಬಂದ ದಿನ ಕಥೋಲಿಕರಿಗೆ ಬಿಡುವಿರುವುದಿಲ್ಲ. "ನಿಮ್ಮ ಪೋಪ್ ಹೀಗೆಂದರಂತಲ್ಲ, ಇನ್ನು ನಿಮ್ಮ ಧರ್ಮಸಭೆಯ ಗತಿ ಏನು?" ಎಂದು ಕಚೇರಿಯಲ್ಲಿ ಒಬ್ಬರು ಕೇಳುತ್ತಾರೆ. ಬಲಿಪೂಜೆ (ಚರ್ಚಿನ ಮಾಸ್) ಮುಗಿಸಿ ಹೊರಬಂದ ಇನ್ನೊಬ್ಬರು ಧ್ವನಿ ತಗ್ಗಿಸಿ ಅದನ್ನೇ ಕೇಳುತ್ತಾರೆ. ಹೀಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ಒಬ್ಬ ಸಾಮಾನ್ಯ ವಿಶ್ವಾಸಿಯವು, ವ್ಯಾಟಿಕನ್ನಿನ ಹೇಳಿಕೆಗಳಲ್ಲ.

ಪೋಪ್ ಎಂದೂ ತಪ್ಪುವುದಿಲ್ಲ ಎಂದು ಕಥೋಲಿಕರು ನಂಬುತ್ತಾರೆಯೇ?

ಇಲ್ಲ. ಪೋಪ್ ಕೂಡ ಪಾಪನಿವೇದನೆ ಮಾಡುವ ಮನುಷ್ಯರೇ. 2014ರ ಮಾರ್ಚ್‌ನಲ್ಲಿ ಸಂತ ಪೇತ್ರರ ಮಹಾದೇವಾಲಯದಲ್ಲಿ ಆಗಿನ ಪೋಪ್ ಫ್ರಾನ್ಸಿಸ್ ಅವರು ಬೇರೆಯವರ ಪಾಪನಿವೇದನೆ ಕೇಳಲು ಕೂರಬೇಕಿತ್ತು. ವಿಧಿಗಳ ಮೇಲ್ವಿಚಾರಕರು ಖಾಲಿ ಪೀಠದತ್ತ ಕೈ ತೋರಿಸುತ್ತಿದ್ದಂತೆಯೇ ಅವರು ಬೇರೆ ಕಡೆಗೆ ನಡೆದು, ಅಲ್ಲಿದ್ದ ಸಾಮಾನ್ಯ ಗುರುವೊಬ್ಬರ (ಪಾದ್ರಿಯ) ಮುಂದೆ ಎಲ್ಲರೆದುರಿಗೇ ಮಂಡಿಯೂರಿದರು. ಪೋಪ್ ತಪ್ಪೇ ಮಾಡುವುದಿಲ್ಲ ಎಂಬುದು ನಮ್ಮ ಬೋಧನೆಯಾಗಿದ್ದರೆ ಆ ದೃಶ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ ಒಂದನೆಯ ವ್ಯಾಟಿಕನ್ ಮಹಾಸಭೆ 1870ರ ಜುಲೈ 18ರಂದು ಒಪ್ಪಿದ ಮಾತು ಬಹಳ ಕಿರಿದಾದದ್ದು. ಪೋಪ್ ಇಡೀ ಧರ್ಮಸಭೆಯ ಪಾಲಕರಾಗಿ, ವಿಶ್ವಾಸ ಅಥವಾ ನೈತಿಕತೆಯ ವಿಷಯದಲ್ಲಿ, ಎಲ್ಲರೂ ಒಪ್ಪಬೇಕಾದ ಅಂತಿಮ ತೀರ್ಮಾನವನ್ನು ವಿಧಿವತ್ತಾಗಿ ಘೋಷಿಸಿದಾಗ ಮಾತ್ರ ಆ ಘೋಷಣೆಯಲ್ಲಿ ತಪ್ಪಿರದು. ಆ ಬಳಿಕ ಈ ಅಧಿಕಾರವನ್ನು ಹೀಗೆ ವಿಧಿವತ್ತಾಗಿ ಬಳಸಿದ್ದು ಒಂದೇ ಸಲ: ಮಾತೆ ಮರಿಯಳು ಆತ್ಮಶರೀರಗಳ ಸಹಿತ ಸ್ವರ್ಗಕ್ಕೇರಿಸಲ್ಪಟ್ಟಳೆಂದು ಹನ್ನೆರಡನೆಯ ಪಿಯೂಸ್ 1950ರ ನವೆಂಬರ್ 1ರಂದು ಘೋಷಿಸಿದಾಗ. ಮರಿಯಳ ಅಮಲೋದ್ಭವದ, ಅಂದರೆ ಆಕೆ ತಾಯಿಯ ಗರ್ಭದಲ್ಲಿ ಮೂಡಿದಾಗಲೇ ಜನ್ಮಪಾಪದಿಂದ ಮುಕ್ತಳಾಗಿದ್ದಳೆಂಬುದರ ಬಗ್ಗೆ 1854ರಲ್ಲಿ ಹೊರಟ ಘೋಷಣೆಯನ್ನೂ ಇದೇ ಸಾಲಿಗೆ ಸೇರಿಸುತ್ತಾರೆ. ವಿಮಾನದಲ್ಲಿ, ಟಿ.ವಿ. ಸಂದರ್ಶನದಲ್ಲಿ, ಟ್ವೀಟಿನಲ್ಲಿ ಬಂದ ಯಾವ ಮಾತೂ ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಉಳಿದ ಮಾತುಗಳನ್ನು ಕಿವಿಗೆ ಹಾಕಿಕೊಳ್ಳದಿದ್ದರೂ ನಡೆಯುತ್ತದೆಯೇ?

ಅದೂ ಇಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ಸಂವಿಧಾನ ಈ ದಾರಿಯನ್ನು ಮುಚ್ಚಿದೆ. ಅಂತಿಮ ಘೋಷಣೆಯಲ್ಲದ ಬೋಧನೆಗೂ ಬುದ್ಧಿ ಮತ್ತು ಮನಸ್ಸನ್ನು ಬಾಗಿಸಬೇಕು ಎನ್ನುತ್ತದೆ ಅದು. ಎಷ್ಟು ಬಾಗಬೇಕು ಎಂಬುದನ್ನು ತೂಗಿ ನೋಡುವ ಬಗೆಯನ್ನೂ ತಿಳಿಸುತ್ತದೆ: ಅದು ಯಾವ ಬಗೆಯ ದಾಖಲೆ, ಅದೇ ಬೋಧನೆ ಎಷ್ಟು ಸಲ ಮರುಕಳಿಸಿದೆ, ಯಾವ ಧಾಟಿಯಲ್ಲಿ ಹೇಳಲಾಗಿದೆ.

ವಿಶ್ವಪತ್ರವೊಂದಕ್ಕೆ (ಪೋಪ್ ಇಡೀ ಧರ್ಮಸಭೆಗೆ ಬರೆಯುವ ಬೋಧನೆಯ ಪತ್ರಕ್ಕೆ) ಇರುವ ತೂಕ ಬುಧವಾರದ ಸಾರ್ವಜನಿಕ ದರ್ಶನದಲ್ಲಿ ಆಡಿದ ಮಾತಿಗಿಲ್ಲ, ಅದಕ್ಕಿರುವ ತೂಕ ಪತ್ರಕರ್ತರಿಗೆ ಕೊಟ್ಟ ಉತ್ತರಕ್ಕಿಲ್ಲ. ಫ್ರಾನ್ಸಿಸ್ ಅವರು ಹನ್ನೆರಡು ವರ್ಷಗಳಲ್ಲಿ ಬರೆದ ವಿಶ್ವಪತ್ರಗಳು ಕೇವಲ ನಾಲ್ಕು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಹೆಚ್ಚಾಗಿ ಸಂದರ್ಶನಗಳ ತುಣುಕುಗಳು. ಹದಿನಾರನೆಯ ಬೆನೆಡಿಕ್ಟ್ ಈ ವಿಷಯದಲ್ಲಿ ಬಲು ಎಚ್ಚರದ ಮನುಷ್ಯ. ಪೋಪ್ ಆಗಿದ್ದಾಗ 2007ರಲ್ಲಿ ಯೇಸುವಿನ ಕುರಿತು ಪುಸ್ತಕ ಪ್ರಕಟಿಸಿದಾಗ, ಇದು ಧರ್ಮಸಭೆಯ ಅಧಿಕೃತ ಬೋಧನೆಯಲ್ಲ, ತನ್ನನ್ನು ವಿರೋಧಿಸಲು ಎಲ್ಲರೂ ಸ್ವತಂತ್ರರು ಎಂದು ಮುನ್ನುಡಿಯಲ್ಲೇ ಬರೆದರು. ಪೋಪ್ ತಾವೇ ಹೀಗೆ ಗೆರೆ ಎಳೆದು ಕೊಟ್ಟರೆ ಓದುಗನ ಕೆಲಸ ಸುಲಭ. ಎಲ್ಲರೂ ಎಳೆಯುವುದಿಲ್ಲ ಎಂಬುದೇ ತೊಂದರೆ.

"ತೀರ್ಪು ಕೊಡಲು ನಾನ್ಯಾರು?" ಎಂಬ ಮಾತಿನಿಂದ ಬೋಧನೆ ಬದಲಾಯಿತೇ?

2013ರ ಜುಲೈನಲ್ಲಿ ರಿಯೊ ಡಿ ಜನೈರೊದಿಂದ ರೋಮಿಗೆ ಮರಳುವ ವಿಮಾನದಲ್ಲಿ ಫ್ರಾನ್ಸಿಸ್ ಪತ್ರಕರ್ತರ ಎದುರು ನಿಂತು ಒಂದು ಗಂಟೆಗೂ ಹೆಚ್ಚು ಹೊತ್ತು ಪ್ರಶ್ನೆಗಳಿಗೆ ಉತ್ತರಿಸಿದರು. ವ್ಯಾಟಿಕನ್ನಿನ ಗುರುವೊಬ್ಬರ ಹಿಂದಿನ ಬದುಕಿನ ಬಗ್ಗೆ, ಅಲ್ಲಿ ಇದೆಯೆನ್ನಲಾದ ಸಲಿಂಗಿಗಳ ಗುಂಪಿನ ಬಗ್ಗೆ ಬಂದ ಪ್ರಶ್ನೆ ಅದು. ಸಲಿಂಗಿಯಾದ ವ್ಯಕ್ತಿಯೊಬ್ಬರು ದೇವರನ್ನು ಅರಸುತ್ತಿದ್ದು ಒಳ್ಳೆಯ ಮನಸ್ಸುಳ್ಳವರಾಗಿದ್ದರೆ ತೀರ್ಪು ಕೊಡಲು ನಾನ್ಯಾರು ಎಂಬುದು ಉತ್ತರದ ತಿರುಳು. ಬೆನ್ನಿಗೇ ಅವರು ಅಧಿಕೃತ ಧರ್ಮೋಪದೇಶದ ಗ್ರಂಥವನ್ನೇ ಉಲ್ಲೇಖಿಸಿ, ಇಂಥವರನ್ನು ದೂರ ತಳ್ಳಬಾರದು ಎಂದು ಅದರಲ್ಲೇ ಇದೆ ಎಂದರು.

ಪತ್ರಿಕೆಗಳಲ್ಲಿ ಬಂದದ್ದು ವಾಕ್ಯದ ಬಾಲ. ಕೆಲವು ಕಥೋಲಿಕರು ಅಷ್ಟು ಕೇಳಿಯೇ ಬಾಗಿಲು ತೆರೆಯಿತೆಂದು ಸಂಭ್ರಮಿಸಿದರು, ಕೆಲವರು ಗೋಡೆ ಬಿತ್ತೆಂದು ಕಂಗಾಲಾದರು. ಸಂಭ್ರಮಿಸಿದವರು, ಕಂಗಾಲಾದವರು ಇಬ್ಬರೂ ಓದಿದ್ದು ಅದೇ ತುಣುಕನ್ನು ಎಂಬುದು ನನಗೆ ಇಂದಿಗೂ ತಮಾಷೆಯಾಗಿ ಕಾಣುತ್ತದೆ. ಧರ್ಮೋಪದೇಶದ ಗ್ರಂಥದಲ್ಲಿ ಆ ದಿನ ಒಂದಕ್ಷರವೂ ಬದಲಾಗಲಿಲ್ಲ. ಹಾಗೆಂದು ಏನೂ ಆಗಲಿಲ್ಲ ಎಂದರೆ ಅದೂ ಸುಳ್ಳು. ಧರ್ಮಸಭೆಯಲ್ಲಿ ತಮಗೆ ಜಾಗವೇ ಇಲ್ಲವೆಂದುಕೊಂಡಿದ್ದ ಎಷ್ಟೋ ಮಂದಿಗೆ ಪೋಪ್ ಒಬ್ಬರು ತಮ್ಮ ಬಗ್ಗೆ ಮೆತ್ತಗೆ ಮಾತನಾಡಿದ್ದನ್ನು ಕೇಳಿದ್ದು ಅದೇ ಮೊದಲು. ಬೋಧನೆ ಬದಲಾಗದೆ ಧಾಟಿ ಮಾತ್ರ ಬದಲಾದರೂ ಜನರ ಮೇಲೆ ಪರಿಣಾಮವಾಗುತ್ತದೆ. ಧಾಟಿಗೆ ಬೆಲೆಯಿಲ್ಲ ಎನ್ನುವವರು ಪಾಪನಿವೇದನೆಯ ಪೀಠದಲ್ಲಿ ಗದರುವ ಗುರುವನ್ನು ಕಂಡಿರಲಿಕ್ಕಿಲ್ಲ.

ಪೋಪರನ್ನು ಟೀಕಿಸುವುದು ಪಾಪವೇ?

ಅವಹೇಳನ ಮಾಡುವುದು ತಪ್ಪು. ಗೌರವ ಬಿಡದೆ ಭಿನ್ನಾಭಿಪ್ರಾಯ ಹೇಳುವುದು ತಪ್ಪಲ್ಲ. 1983ರ ಧರ್ಮಸಭಾ ಕಾನೂನಿನ 212ನೆಯ ವಿಧಿ, ಧರ್ಮಸಭೆಯ ಹಿತದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ಅರಿವುಳ್ಳ ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ.

ಇದು ಹೊಸ ಕಾಲದ ಗಾಳಿಯೂ ಅಲ್ಲ. ಅಂತಿಯೋಕ್ಯದಲ್ಲಿ ಸಂತ ಪೌಲ, ನಾವು ಮೊದಲ ಪೋಪರೆಂದು ಎಣಿಸುವ ಸಂತ ಪೇತ್ರರನ್ನು ಮುಖಾಮುಖಿ ವಿರೋಧಿಸಿದ್ದು ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲೇ ಇದೆ. ಹದಿನಾಲ್ಕನೆಯ ಶತಮಾನದಲ್ಲಿ ಸಿಯೆನಾದ ಕ್ಯಾಥರೀನ್, ಫ್ರಾನ್ಸಿನ ಅವಿಗ್ನಾನ್‌ನಲ್ಲಿ ಕುಳಿತಿದ್ದ ಪೋಪ್ ಹನ್ನೊಂದನೆಯ ಗ್ರೆಗರಿಗೆ ಪತ್ರದ ಮೇಲೆ ಪತ್ರ ಬರೆದು, ಧೈರ್ಯ ತಂದುಕೊಂಡು ರೋಮಿಗೆ ಮರಳಿ ಎಂದು ಒತ್ತಾಯಿಸಿದಳು. ಆಕೆ ಪೋಪರನ್ನು ಭೂಮಿಯ ಮೇಲಿನ ಕ್ರಿಸ್ತನೆಂದು ಕರೆಯುತ್ತಿದ್ದವಳೂ ಹೌದು. ಭಕ್ತಿ, ಗದರಿಕೆ ಎರಡೂ ಒಂದೇ ಕೈಯಿಂದ ಹೊರಟವು, ಮುಂದೆ ಆಕೆಯನ್ನು ಧರ್ಮಸಭೆ ಸಂತಳೆಂದೇ ಸಾರಿತು.

1875ರಲ್ಲಿ ಇಂಗ್ಲೆಂಡಿನ ಗುರು, ದೈವಶಾಸ್ತ್ರಜ್ಞ ಜಾನ್ ಹೆನ್ರಿ ನ್ಯೂಮನ್, ಊಟದ ಬಳಿಕ ಪಾನಪಾತ್ರೆ ಎತ್ತಲೇಬೇಕಾದರೆ ಪೋಪರಿಗೂ ಎತ್ತುತ್ತೇನೆ, ಆದರೆ ಮೊದಲು ಆತ್ಮಸಾಕ್ಷಿಗೆ, ಪೋಪರಿಗೆ ಆಮೇಲೆ ಎಂದು ಬರೆದರು. ಆ ನ್ಯೂಮನ್ 2019ರಲ್ಲಿ ಸಂತರಾದರು, 2025ರಲ್ಲಿ ಫ್ರಾನ್ಸಿಸ್ ನಂತರದ ಪೋಪ್ ಹದಿನಾಲ್ಕನೆಯ ಲಿಯೋ, ನ್ಯೂಮನ್ನರಿಗೆ ಧರ್ಮಸಭೆಯ ಪಂಡಿತರೆಂಬ ಪದವಿಯನ್ನೂ ಕೊಟ್ಟರು. ಆದರೆ ನ್ಯೂಮನ್ ಹೇಳಿದ ಆತ್ಮಸಾಕ್ಷಿ ಎಂದರೆ ಮನಸ್ಸಿಗೆ ತೋಚಿದ್ದಲ್ಲ. ಪೋಪರ ಮಾತನ್ನು ಪೂರ್ತಿ ಓದಿ, ಅದರೊಡನೆ ಸೆಣಸಿ, ಪ್ರಾರ್ಥಿಸಿದ ಮೇಲೂ ಉಳಿಯುವ ತೀರ್ಮಾನ ಅದು.

ಟೀಕೆಯಿಂದ ಪೋಪ್ ಎಂದಾದರೂ ಮಾತು ಬದಲಿಸಿದ್ದುಂಟೇ?

ಉಂಟು. ಇಪ್ಪತ್ತೆರಡನೆಯ ಜಾನ್, ಸತ್ತ ಪುಣ್ಯಾತ್ಮರು ಅಂತಿಮ ತೀರ್ಪಿನವರೆಗೆ ದೇವರ ಮುಖವನ್ನು ಕಾಣುವುದಿಲ್ಲ ಎಂದು 1331ರಿಂದ ಪ್ರಬೋಧನೆಗಳಲ್ಲಿ ಹೇಳತೊಡಗಿದರು. ಪ್ಯಾರಿಸ್ಸಿನ ದೈವಶಾಸ್ತ್ರಜ್ಞರು ತಿರುಗಿಬಿದ್ದರು. 1334ರಲ್ಲಿ ಮರಣಶಯ್ಯೆಯಲ್ಲಿ ಪೋಪ್ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಎರಡು ವರ್ಷಗಳ ನಂತರ ಉತ್ತರಾಧಿಕಾರಿ ಹನ್ನೆರಡನೆಯ ಬೆನೆಡಿಕ್ಟ್ ಅದಕ್ಕೆ ವಿರುದ್ಧವಾದದ್ದನ್ನೇ ಅಧಿಕೃತ ಬೋಧನೆಯಾಗಿ ಸಾರಿದರು.

ನಮ್ಮ ಕಾಲದ ಉದಾಹರಣೆ ಇದಕ್ಕಿಂತ ನೋವಿನದು. 2018ರ ಜನವರಿಯಲ್ಲಿ ಚಿಲಿಯ ಇಕಿಕೆ ನಗರದಲ್ಲಿ ಪತ್ರಕರ್ತರು ಫ್ರಾನ್ಸಿಸ್ ಅವರನ್ನು ಧರ್ಮಾಧ್ಯಕ್ಷ ಹುವಾನ್ ಬಾರೋಸ್ ಬಗ್ಗೆ ಕೇಳಿದರು. ಗುರುವೊಬ್ಬ ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವನ್ನು ಬಾರೋಸ್ ಕಂಡೂ ಮುಚ್ಚಿಟ್ಟರೆಂಬುದು ಸಂತ್ರಸ್ತರ ದೂರು. ಸಾಕ್ಷ್ಯ ತಂದ ದಿನ ಮಾತನಾಡುತ್ತೇನೆ, ಇದೆಲ್ಲ ಅಪನಿಂದೆ ಎಂದರು ಪೋಪ್. ಎರಡೇ ದಿನಗಳಲ್ಲಿ ಬಾಸ್ಟನ್ನಿನ ಕಾರ್ಡಿನಲ್ (ಪೋಪರನ್ನು ಆರಿಸುವ ಹಿರಿಯ ಧರ್ಮಗುರುಗಳಲ್ಲೊಬ್ಬರು) ಶಾನ್ ಓಮ್ಯಾಲಿ, ಈ ಮಾತು ಸಂತ್ರಸ್ತರಿಗೆ ತೀವ್ರ ನೋವು ತಂದಿರುವುದು ಸಹಜವೆಂದು ಬಹಿರಂಗವಾಗಿ ಬರೆದರು. ಮಕ್ಕಳ ರಕ್ಷಣೆಗೆಂದು ಪೋಪರೇ ರಚಿಸಿದ ಆಯೋಗದ ಆಗಿನ ಮುಖ್ಯಸ್ಥರು ಅವರು, ಹೊರಗಿನ ಟೀಕಾಕಾರರಲ್ಲ. ಮರಳುವ ವಿಮಾನದಲ್ಲಿ ಫ್ರಾನ್ಸಿಸ್ ತಾವು ಬಳಸಿದ ಪದಕ್ಕೆ ಕ್ಷಮೆ ಕೇಳಿದರು, ಆಮೇಲೆ ಮಾಲ್ಟಾದ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಶಿಕ್ಲೂನ ಅವರನ್ನು ತನಿಖೆಗೆ ಕಳಿಸಿದರು. ಏಪ್ರಿಲ್‌ನಲ್ಲಿ, ಪರಿಸ್ಥಿತಿಯನ್ನು ಅಳೆಯುವುದರಲ್ಲಿ ತಾನು ಗಂಭೀರವಾಗಿ ತಪ್ಪಿದೆ ಎಂದು ಪತ್ರ ಬರೆದು ಸಂತ್ರಸ್ತರನ್ನು ರೋಮಿಗೆ ಕರೆಸಿ ಕ್ಷಮೆ ಬೇಡಿದರು. ಮೇ ತಿಂಗಳಲ್ಲಿ ಚಿಲಿಯ ಧರ್ಮಾಧ್ಯಕ್ಷರು ಒಟ್ಟಾಗಿ ರಾಜೀನಾಮೆ ಮುಂದಿಟ್ಟರು, ಜೂನ್‌ನಲ್ಲಿ ಬಾರೋಸ್ ಹೊರನಡೆದರು.

ಆ ಜನವರಿಯಲ್ಲಿ "ಪೋಪರ ವಿರುದ್ಧ ಮಾತಾಡಬೇಡಿ" ಎಂದು ಸಂತ್ರಸ್ತರ ಬಾಯಿ ಮುಚ್ಚಿಸಲು ಹೊರಟಿದ್ದ ವಿಧೇಯರು ಯಾರಿಗೆ ಉಪಕಾರ ಮಾಡುತ್ತಿದ್ದರು? ಪೋಪರಿಗಂತೂ ಅಲ್ಲ.

ಬೋಧನೆಯನ್ನೇ ಒಪ್ಪದ ಕಥೋಲಿಕರು ಏನು ಮಾಡುತ್ತಾರೆ?

1968ರ ಜುಲೈ 25ರ ವಿಶ್ವಪತ್ರವನ್ನು ನೋಡಿ. ಆರನೆಯ ಪೌಲ್ ಕೃತಕ ಗರ್ಭನಿರೋಧವನ್ನು ಅದರಲ್ಲಿ ನಿಷೇಧಿಸಿದರು. ಅವರೇ ಸಲಹೆ ಕೇಳಿದ್ದ ಆಯೋಗದ ಬಹುಮತ ಸಡಿಲಿಕೆಯ ಪರವಿತ್ತು, ಆ ವರದಿ ಹಿಂದಿನ ವರ್ಷವೇ ಸೋರಿ ಪತ್ರಿಕೆಗಳಲ್ಲಿ ಬಂದಿತ್ತು. ಅಮೆರಿಕದ ದೈವಶಾಸ್ತ್ರಜ್ಞರು ಬಹಿರಂಗವಾಗಿ ಭಿನ್ನಮತ ಸಾರಿದರು. ಕೆನಡಾದ ಧರ್ಮಾಧ್ಯಕ್ಷರು ವಿನ್ನಿಪೆಗ್‌ನಲ್ಲಿ ಸೇರಿ, ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಪಾಲಿಸಲಾಗದ ದಂಪತಿಗಳು ಆತ್ಮಸಾಕ್ಷಿಗೆ ಸರಿಕಂಡ ದಾರಿ ಹಿಡಿಯಬಹುದೆಂಬ ಧಾಟಿಯಲ್ಲಿ ಹೇಳಿಕೆ ಕೊಟ್ಟರು. ಪೋಪ್ ಇನ್ನೂ ಹತ್ತು ವರ್ಷ ಬದುಕಿದ್ದರು, ಮತ್ತೊಂದು ವಿಶ್ವಪತ್ರ ಬರೆಯಲಿಲ್ಲ.

ಇವೆಲ್ಲ ದಾಖಲೆಗೆ ಸಿಕ್ಕ ಪ್ರತಿಕ್ರಿಯೆಗಳು. ಬಹಳಷ್ಟು ದಂಪತಿಗಳು ಪ್ರತಿಭಟಿಸಲೂ ಇಲ್ಲ, ಪಾಲಿಸಲೂ ಇಲ್ಲ, ಚರ್ಚು ಬಿಡಲೂ ಇಲ್ಲ. ಅದರ ಬಗ್ಗೆ ಗುರುಗಳ ಹತ್ತಿರ ಮಾತೆತ್ತುವುದನ್ನು ಬಿಟ್ಟರು, ಅಷ್ಟೇ. ಆ ಬೋಧನೆಯನ್ನು ಕಷ್ಟಪಟ್ಟು ಬಾಳಿ ತೋರಿಸಿದ ದಂಪತಿಗಳೂ ಇದ್ದಾರೆ, ಅವರ ಮಾತನ್ನು ಕೇಳಿಸಿಕೊಂಡವರು ಇನ್ನೂ ಕಡಿಮೆ.

ಪೋಪರ ಉಡುಪು, ಬೂಟು, ವಾಸದ ಮನೆಯ ಬಗ್ಗೆ ಇಷ್ಟೊಂದು ಚರ್ಚೆ ಏಕೆ?

ಸಂಕೇತಗಳಲ್ಲಿ ಮಾತಾಡುವ ಧರ್ಮ ನಮ್ಮದು. ಬಲಿಪೂಜೆಯ ವಸ್ತ್ರದ ಬಣ್ಣದಲ್ಲೇ ಹಬ್ಬವೋ ತಪಸ್ಸುಕಾಲವೋ ಎಂದು ಓದಿಕೊಳ್ಳುವವರು ಪೋಪರ ಹೆಗಲ ಮೇಲಿನ ಬಟ್ಟೆಯನ್ನು ಓದದೆ ಬಿಡುತ್ತಾರೆಯೇ? 2013ರ ಮಾರ್ಚ್ 13ರಂದು, ಪೋಪರಾಗಿ ಆಯ್ಕೆಯಾದ ಸಂಜೆ, ಫ್ರಾನ್ಸಿಸ್ ಕೆಂಪು ಹೆಗಲುವಸ್ತ್ರವಿಲ್ಲದೆ ಬರಿಯ ಬಿಳಿ ನಿಲುವಂಗಿಯಲ್ಲಿ ಬಾಲ್ಕನಿಗೆ ಬಂದು "ಶುಭ ಸಂಜೆ" ಎಂದರು. ಅರಮನೆಯ ಬದಲು ಸಾಂತಾ ಮಾರ್ತಾ ಅತಿಥಿಗೃಹದಲ್ಲಿ ಉಳಿದರು. 2025ರ ಮೇ 8ರಂದು, ತಾವು ಆಯ್ಕೆಯಾದ ಸಂಜೆ, ಲಿಯೋ ಅದೇ ಬಾಲ್ಕನಿಗೆ ಕೆಂಪು ಹೆಗಲುವಸ್ತ್ರ ಹೊದ್ದು ಬಂದರು. ಒಬ್ಬರ ಸರಳತೆ ಹಿಂದಿನವರಿಗೆ ಬೈಗುಳವೆಂದೂ ಇನ್ನೊಬ್ಬರ ಸಂಪ್ರದಾಯ ಹಿಂದಿನವರ ತಿರಸ್ಕಾರವೆಂದೂ ಅರ್ಥ ಹಚ್ಚುವವರು ಆಯಾ ರಾತ್ರಿಯೇ ಹುಟ್ಟಿಕೊಂಡರು. ಬೆನೆಡಿಕ್ಟ್ ಅವರ ಕೆಂಪು ಬೂಟುಗಳನ್ನು ಫ್ಯಾಷನ್ ಕಂಪನಿಯೊಂದರದ್ದೆಂದು ಪತ್ರಿಕೆಗಳು ಬರೆದವು, ವ್ಯಾಟಿಕನ್ನಿನ ಪತ್ರಿಕೆ ಅಲ್ಲಗಳೆಯಬೇಕಾಯಿತು. ಪೋಪ್‌ಗಳು ಕೆಂಪು ಪಾದರಕ್ಷೆ ತೊಡುವುದು ಹಳೆಯ ರೂಢಿ, ರಕ್ತಸಾಕ್ಷಿಗಳ ನೆನಪು ಅದರಲ್ಲಿದೆ.

ಚಿತ್ರವೇ ಕಾನೂನನ್ನು ಬದಲಿಸಿದ್ದೂ ಇದೆ. 2013ರ ಪವಿತ್ರ ಗುರುವಾರ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಬಂಧೀಖಾನೆಗೆ ಹೋಗಿ ಹನ್ನೆರಡು ಮಂದಿ ಯುವಜನರ ಪಾದ ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ನಿಯಮದ ಪ್ರಕಾರ ಆ ವಿಧಿಗೆ ಗಂಡಸರನ್ನು ಮಾತ್ರ ಆರಿಸಬೇಕಿತ್ತು. ನಿಯಮ ಮುರಿದರೆಂದು ಕೆಲವರು ತಕರಾರೆತ್ತಿದರು, ಎಷ್ಟೋ ಧರ್ಮಕೇಂದ್ರಗಳಲ್ಲಿ ಜನ ಅದೇ ಬೇಕೆಂದರು. 2016ರ ಜನವರಿಯಲ್ಲಿ ಮಹಿಳೆಯರನ್ನೂ ಸೇರಿಸಬಹುದೆಂಬ ಆದೇಶ ಹೊರಬಿತ್ತು. ಮೊದಲು ಕಾಗದ, ಆಮೇಲೆ ಆಚರಣೆ ಎಂಬ ಕ್ರಮ ಇಲ್ಲಿ ತಲೆಕೆಳಗಾಯಿತು.

ವಾಟ್ಸ್ಆ್ಯಪ್‌ನಲ್ಲಿ ಬಂದ ಪೋಪರ ಚಿತ್ರ, ಹೇಳಿಕೆಗಳನ್ನು ನಂಬಬಹುದೇ?

ಸುಮ್ಮನೆ ನಂಬಬೇಡಿ. 2023ರ ಮಾರ್ಚ್‌ನಲ್ಲಿ ಫ್ರಾನ್ಸಿಸ್ ಉಬ್ಬಿದ ಬಿಳಿ ಜಾಕೆಟ್ ತೊಟ್ಟ ಚಿತ್ರವನ್ನು ಲೋಕವೆಲ್ಲ ನಿಜವೆಂದು ನಂಬಿತ್ತು. ಅದನ್ನು ಕೃತಕ ಬುದ್ಧಿಮತ್ತೆ ತಯಾರಿಸಿತ್ತು. ಲಿಯೋ ಅವರ ದನಿಯಲ್ಲೂ ನಕಲಿ ವಿಡಿಯೊಗಳು ಹರಿದಾಡುತ್ತಿವೆ. ಬಹುಪಾಲು ಇವು ಸುಂದರವಾದ, ಯಾರೂ ತಕರಾರು ಮಾಡದ ಮಾತುಗಳು, ಆದ್ದರಿಂದಲೇ ಭಕ್ತರು ಯೋಚಿಸದೆ ಮುಂದೆ ಕಳಿಸುತ್ತಾರೆ. ದಿನಾಂಕ, ಸ್ಥಳ, ಸಂದರ್ಭ ಮೂರೂ ಇಲ್ಲದ ಉಲ್ಲೇಖ ನನ್ನ ಮಟ್ಟಿಗೆ ಪೋಪರದ್ದಲ್ಲ.

ಸಂಪ್ರದಾಯವಾದಿಗಳು ವಿಧೇಯರು, ಉದಾರವಾದಿಗಳು ಬಂಡಾಯಗಾರರು ಎಂಬುದು ನಿಜವೇ?

ಪೋಪ್ ಯಾರೆಂಬುದರ ಮೇಲೆ ನಿಂತಿದೆ. ಎರಡನೆಯ ಜಾನ್ ಪಾಲ್ ಮತ್ತು ಬೆನೆಡಿಕ್ಟ್ ಕಾಲದಲ್ಲಿ "ರೋಮ್ ಮಾತಾಡಿಯಾಯಿತು, ಇನ್ನು ವಾದ ಸಾಕು" ಎನ್ನುತ್ತಿದ್ದವರು ಒಂದು ಕಡೆಯವರು. ಫ್ರಾನ್ಸಿಸ್ ಬಂದ ಮೇಲೆ ಪಾತ್ರಗಳು ಅದಲುಬದಲಾದವು. ಮರುಮದುವೆಯಾದ ವಿಚ್ಛೇದಿತರಿಗೆ ಪರಮಪ್ರಸಾದ (ಬಲಿಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಕೊಡುವ ವಿಷಯದಲ್ಲಿ 2016ರ ದಾಖಲೆಯ ಅಡಿಟಿಪ್ಪಣಿಯೊಂದು ಗದ್ದಲವೆಬ್ಬಿಸಿದಾಗ, ಬರ್ಕ್, ಬ್ರಾಂಡ್‌ಮ್ಯುಲರ್, ಕಫಾರ್ರಾ, ಮೈಸ್ನರ್ ಎಂಬ ನಾಲ್ವರು ಕಾರ್ಡಿನಲ್‌ಗಳು ಹೌದು ಅಥವಾ ಅಲ್ಲ ಎಂದು ಉತ್ತರಿಸುವಂತೆ ಐದು ಸಂದೇಹಗಳನ್ನು ಪೋಪರಿಗೆ ಕಳಿಸಿ, ಉತ್ತರ ಬಾರದಿದ್ದಾಗ ಬಹಿರಂಗಪಡಿಸಿದರು. ಹಿಂದೆ ಭಿನ್ನಮತವೇ ತಮ್ಮ ಹಕ್ಕೆಂದವರು ಈಗ ಪೋಪರ ಮಾತಿಗೆ ಎದುರಾಡಬಾರದೆಂದು ಪಾಠ ಹೇಳತೊಡಗಿದರು.

2023ರ ಡಿಸೆಂಬರ್‌ನಲ್ಲಿ ಸಲಿಂಗಿ ಜೋಡಿಗಳಿಗೆ ವಿಧಿರಹಿತ ಆಶೀರ್ವಾದ ಕೊಡಬಹುದೆಂಬ ಘೋಷಣೆ ಬಂದಾಗ ಈ ಸರಳ ವಿಂಗಡಣೆಯೂ ಕುಸಿಯಿತು. ಆಫ್ರಿಕಾದ ಧರ್ಮಾಧ್ಯಕ್ಷರು ತಮ್ಮಲ್ಲಿ ಅಂಥ ಆಶೀರ್ವಾದ ಸಲ್ಲದೆಂದರು, ಅದೇ ಉಸಿರಿನಲ್ಲಿ ಪೋಪರೊಂದಿಗಿನ ಐಕ್ಯವನ್ನೂ ಸಾರಿದರು. ಅವರ ಅಧ್ಯಕ್ಷ ಕಾರ್ಡಿನಲ್ ಅಂಬೋಂಗೊ ರೋಮಿಗೇ ಹೋಗಿ ಮಾತಾಡಿ ಬಂದ ಮೇಲೆ ಹೊರಟ ಹೇಳಿಕೆ ಅದು. ಇದನ್ನು ಬಂಡಾಯವೆನ್ನುವುದೋ ವಿಧೇಯತೆಯೆನ್ನುವುದೋ ನೀವೇ ಹೇಳಿ.

ಯುದ್ಧ, ವಲಸೆ, ಹವಾಮಾನದ ಬಗ್ಗೆ ಪೋಪ್ ಏಕೆ ಮಾತಾಡಬೇಕು? ಅದು ರಾಜಕೀಯವಲ್ಲವೇ?

ಈ ಆಕ್ಷೇಪ ಕೇಳಿಬರುವುದು ಪೋಪ್ ನಮ್ಮ ಪಕ್ಷಕ್ಕೆ ಒಗ್ಗದ್ದನ್ನು ಹೇಳಿದಾಗ ಮಾತ್ರ. 2003ರಲ್ಲಿ ಜಾನ್ ಪಾಲ್ ಇರಾಕ್ ಯುದ್ಧವನ್ನು ವಿರೋಧಿಸಿ ಅಮೆರಿಕದ ಅಧ್ಯಕ್ಷರ ಬಳಿಗೆ ಕಾರ್ಡಿನಲ್ ಪಿಯೋ ಲಾಗಿ ಅವರನ್ನು ಕಳಿಸಿದರು. ಗರ್ಭಪಾತದ ವಿಷಯದಲ್ಲಿ ಅವರನ್ನು ಹೊಗಳುತ್ತಿದ್ದ ಅನೇಕರು, ಯುದ್ಧದ ತೀರ್ಮಾನ ಸರ್ಕಾರಕ್ಕೆ ಬಿಟ್ಟದ್ದು ಎಂದರು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಲಿಯೋ, ಗರ್ಭಪಾತ ಬೇಡ ಎನ್ನುತ್ತ ಮರಣದಂಡನೆ ಇರಲಿ ಎನ್ನುವವರು ನಿಜವಾಗಿ ಜೀವದ ಪರವಲ್ಲ ಎಂದಾಗ ಅವರ ದೇಶವಾದ ಅಮೆರಿಕದವರೇ ಕೆಲವರು ಮುಖ ಗಂಟಿಕ್ಕಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ತತ್ವ ಬೇರೆ, ಅದನ್ನು ಇಂದಿನ ಪರಿಸ್ಥಿತಿಗೆ ಅನ್ವಯಿಸುವ ವಿವೇಕದ ತೀರ್ಮಾನ ಬೇರೆ. ವಲಸಿಗನನ್ನು ಮನುಷ್ಯನಂತೆ ಕಾಣಬೇಕೆಂಬುದು ತತ್ವ, ಇಂತಿಷ್ಟು ವೀಸಾ ಕೊಡಬೇಕೆಂಬುದು ತೀರ್ಮಾನ. ಎರಡನೆಯದರಲ್ಲಿ ಒಳ್ಳೆಯ ಕಥೋಲಿಕರೂ ಭಿನ್ನವಾಗಿ ಯೋಚಿಸಬಹುದು. ಆದರೆ ಇಷ್ಟವಿಲ್ಲದ ತತ್ವವನ್ನೆಲ್ಲ ಎರಡನೆಯ ಪೆಟ್ಟಿಗೆಗೆ ತುಂಬುವ ಚಾಳಿ ಎಲ್ಲ ಪಕ್ಷದವರಲ್ಲೂ ಇದೆ.

ಇಷ್ಟವಾಗದ ಪೋಪ್ ಬಂದರೆ ಕಥೋಲಿಕರು ಧರ್ಮಸಭೆ ಬಿಡುತ್ತಾರೆಯೇ?

ಕೆಲವರು ಬಿಟ್ಟಿದ್ದಾರೆ. 1870ರ ತೀರ್ಮಾನವನ್ನು ಒಪ್ಪದವರು ಬೇರೆಯಾಗಿ ಹಳೆಯ ಕಥೋಲಿಕರೆನಿಸಿಕೊಂಡರು. 1988ರಲ್ಲಿ ಮಹಾಧರ್ಮಾಧ್ಯಕ್ಷ ಲೆಫೆವ್ರ್ ಪೋಪರ ಒಪ್ಪಿಗೆಯಿಲ್ಲದೆ ನಾಲ್ವರು ಧರ್ಮಾಧ್ಯಕ್ಷರನ್ನು ಅಭಿಷೇಕಿಸಿದರು. ಬಹುತೇಕರು ಬಿಡುವುದಿಲ್ಲ. ಪ್ರತಿ ಬಲಿಪೂಜೆಯಲ್ಲೂ ಪೋಪರ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ, ಅವರು ಇಷ್ಟವೇ ಅಲ್ಲವೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪೋಪ್ ತೀರಿಕೊಂಡ ದಿನದಿಂದ ಆ ಹೆಸರು ಬಿಟ್ಟುಹೋಗುತ್ತದೆ, ಹೊಸಬರು ಆಯ್ಕೆಯಾದೊಡನೆ ಹೊಸ ಹೆಸರು ಅಲ್ಲಿಗೆ ಬರುತ್ತದೆ.

ಪೋಪ್ ನಿಜವಾಗಿ ಹೇಳಿದ್ದನ್ನು ಓದುವುದು ಎಲ್ಲಿ?

ವ್ಯಾಟಿಕನ್ನಿನ ಅಧಿಕೃತ ಜಾಲತಾಣದಲ್ಲಿ ವಿಶ್ವಪತ್ರ, ಪ್ರಬೋಧನೆ, ಭಾಷಣಗಳ ಜೊತೆಗೆ ವಿಮಾನದ ಪತ್ರಿಕಾಗೋಷ್ಠಿಗಳ ಪೂರ್ಣಪಾಠವೂ ಸಿಗುತ್ತದೆ. ಒಂದು ವಿಷಯ ಮಾತ್ರ ನೆನಪಿಡಿ: ಪತ್ರಕರ್ತರಿಗೆ ಮುಂಚಿತವಾಗಿ ಹಂಚುವ ಪಠ್ಯ ಬೇರೆ, ಪೋಪ್ ಆಡುವ ಮಾತು ಬೇರೆಯಾಗಬಹುದು. 2015ರ ಜನವರಿಯಲ್ಲಿ ಫಿಲಿಪ್ಪೀನ್ಸಿನ ತಕ್ಲೋಬಾನ್‌ನಲ್ಲಿ, ಚಂಡಮಾರುತದಲ್ಲಿ ಎಲ್ಲ ಕಳೆದುಕೊಂಡ ಜನರ ಎದುರು, ಹಳದಿ ಮಳೆಯಂಗಿ ತೊಟ್ಟ ಫ್ರಾನ್ಸಿಸ್ ಸಿದ್ಧಪಡಿಸಿದ್ದ ಪ್ರಬೋಧನೆಯನ್ನು ಬದಿಗಿಟ್ಟು ಸ್ಪ್ಯಾನಿಷ್‌ನಲ್ಲಿ ಮಾತಾಡಿದರು, ನಿಮಗೆ ಏನು ಹೇಳಬೇಕೆಂದೇ ನನಗೆ ತಿಳಿಯದು ಎಂದರು. ಯಾವುದನ್ನಾದರೂ ಉಲ್ಲೇಖಿಸುವ ಮೊದಲು ಅದು ಹಂಚಿದ ಪಠ್ಯವೋ ಆಡಿದ ಮಾತೋ ನೋಡಿಕೊಳ್ಳಿ.